ಅತ್ತಿಗೆಯ ಕಣಜ

ನಮ್ಮ ಅತ್ತಿಗೆಗೆ ಕಾಫಿ ಕಂಡರೆ ಆಗುವುದಿಲ್ಲ. ಆದರೂ ಅಣ್ಣನನ್ನು ಮದುವೆಯಾಗಿ ಬಂದ ಹೊಸದರಲ್ಲಿ ಯಾರ ಮನೆಗೆ ಹೋದರೂ, ಯಾವ ಹೋಟೆಲಿನಲ್ಲಿ ಕೂತರೂ, ಕಾಫಿಯನ್ನೇ ತರಿಸಿಕೊಂಡು ಕಷಾಯ ಕುಡಿದ ಹಾಗೆ ಮುಖ ಕಿವುಚಿಕೊಂಡು ಕುಡಿಯುತ್ತಿದ್ದರು. ಇದೆಂಥ ಹಟವಪ್ಪಾ ಅಂತ ಅಣ್ಣನನ್ನು ಕೇಳಿದೆ. "ಟೀ ಅಂತ ಹೇಳೋಕೆ ಅವಳಿಗೆ ಬಾಯಿ ಬರಲ್ಲ ಕಣೇ. ಕಾಫಿ ಅಂದ್ರೆ ಬರುತ್ತೆ. ಅದಕ್ಕೆ" ಅಂದ. ಉಗ್ಗುವವರ ಬದುಕು ಇಷ್ಟೇ. ಬೇಕಾದ್ದು ಬಾಯಿಗೆ ಬರುವುದಿಲ್ಲ, ಬಾಯಿಗೆ ಬಂದದ್ದು ಬೇಕಾಗಿರುವುದಿಲ್ಲ. ನಾವು ನೋಡುವವರು, ಪಾಪ, ಕಾಫಿ ಅಂದರೆ ಪ್ರಾಣ ಅಂದುಕೊಂಡು ಇನ್ನರ್ಧ ಲೋಟ ಬಗ್ಗಿಸುತ್ತೇವೆ.

ಈಗ ಹಾಗಿಲ್ಲ. ಟೀ ಬೇಕಾದರೆ ಟೀ ಅಂತಲೇ ಕೇಳುತ್ತಾರೆ. ಆ ಮಾತು ಹೊರಗೆ ಬರುವ ತನಕ ಹೋಟೆಲಿನವನು ಕಾಯಬೇಕು, ಕಾಯುತ್ತಾನೆ. ಉಗ್ಗು ಎಲ್ಲಿಗೂ ಹೋಗಿಲ್ಲ. ನಾಚಿಕೆ ಹೋಗಿದೆ. ಅತ್ತಿಗೆ ಎಂಥ ಹೆಂಗಸು ಅನ್ನುವುದನ್ನು ಯಾರಾದರೂ ಬರೆದಿಡಬೇಕಿತ್ತು. ಅಣ್ಣನಿಗೆ ಗಾಡಿ ಓಡಿಸಲು ಕಲಿಸುವುದು ಬಿಟ್ಟು ಬೇರೆ ಗೊತ್ತಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಾನು ಅವರ ನಾದಿನಿ. ಪರದೆ, ಬೆಡ್‌ಶೀಟು ಮಾರುವ ಅಂಗಡಿ ನನ್ನದು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿದ್ದು. ಕಿಟಕಿಯೇ ಇಲ್ಲದವರಿಗೂ ಪರದೆ ಮಾರಿದವಳು ನಾನು.

ಅತ್ತಿಗೆ ಕೆಲಸ ಮಾಡುವುದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮುಂದಿನ ಕೋಣೆಯಲ್ಲಿ ದೊಡ್ಡ ಕನ್ನಡಿ, ದೀಪ, ಸಾಲು ಸಾಲು ಫ್ರೇಮು. ಹಿಂದಿನ ಕೋಣೆಯಲ್ಲಿ ಅತ್ತಿಗೆ, ನೀರು ಚಿಮುಕಿಸಿಕೊಂಡು ತಿರುಗುವ ಸಾಣೆಕಲ್ಲು, ಸಣ್ಣ ಸಣ್ಣ ಸ್ಕ್ರೂ ತುಂಬಿದ ಡಬ್ಬಿಗಳು. ಡಾಕ್ಟರು ಬರೆದ ಪವರ್ ನೋಡಿ, ಲೆನ್ಸಿನ ನಡುವಿಗೆ ಚುಕ್ಕೆ ಇಟ್ಟು, ಫ್ರೇಮಿನ ಆಕಾರಕ್ಕೆ ಅಂಚು ಸವೆಸಿ, ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಾರೆ. ಮಾತು ಬಾರದ್ದಕ್ಕೆ ಹಿಂದೆ ಕೂರಿಸಿದ್ದಾರೆ ಅಂತ ನಮ್ಮ ನೆಂಟರೊಬ್ಬರು ಮರುಗಿದ್ದುಂಟು. ಮಾಲೀಕರು ಮುಂದಕ್ಕೆ ಬಾಮ್ಮಾ ಅಂತ ಕರೆದರೂ ಇವರೇ ಹೋಗಲಿಲ್ಲ. "ಅಲ್ಲಿ ಹೋದ್ರೆ ಎಲ್ಲ ಫ್ರೇಮೂ ಎಲ್ಲರ ಮೂಗಿಗೂ ಒಪ್ಪುತ್ತೆ ಅಂತ ಸುಳ್ಳು ಹೇಳ್ಬೇಕು" ಅಂದರು. ನಮ್ಮ ಅತ್ತಿಗೆ ಸಾಧು ಅಂತ ತಿಳಿಯಬೇಡಿ. ಜಗಮೊಂಡಿ.

ಹಿಂದೆ ಒಬ್ಬ ಮೇಡಂ ಮಾತಿನ ತರಗತಿ ನಡೆಸುತ್ತಿದ್ದರು. ಮೇಡಂ ಊರು ಬಿಟ್ಟು ಹೋದರೂ ಅಲ್ಲಿಗೆ ಬರುತ್ತಿದ್ದ ಐದಾರು ಜನ ಸೇರುವುದನ್ನು ಬಿಡಲಿಲ್ಲ. ಹಾಗೆ ಹುಟ್ಟಿದ್ದು ಉಗ್ಗುವವರ ಸಂಘ. ಅಣ್ಣನ ಡ್ರೈವಿಂಗ್ ಸ್ಕೂಲಿನ ಮಹಡಿ ಮೇಲಿನ ಪಾಠದ ಕೋಣೆ ಭಾನುವಾರ ಖಾಲಿ ಇರುತ್ತಿತ್ತು, ಅಲ್ಲೇ ಸಭೆ. ಗೋಡೆ ತುಂಬ ರಸ್ತೆಯ ಚಿಹ್ನೆಗಳು. ಹಾರ್ನ್ ಮಾಡಬೇಡಿ, ನಿಧಾನವಾಗಿ ಚಲಿಸಿ, ಮುಂದೆ ಉಬ್ಬು ಇದೆ. ಇಷ್ಟು ಒಪ್ಪುವ ಕೋಣೆ ಅವರಿಗೆ ಹುಡುಕಿದರೂ ಸಿಗುತ್ತಿರಲಿಲ್ಲ.

ಸಂಘದ ನಿಯಮಗಳನ್ನು ಮಾಡಿದ್ದು ಹೆಚ್ಚುಕಮ್ಮಿ ಅತ್ತಿಗೆಯೇ. ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರು ಆ ಮಾತನ್ನು ಮುಗಿಸಿಕೊಡಬಾರದು, ಎಷ್ಟು ಹೊತ್ತಾದರೂ ಸರಿ. ತೀರ್ಮಾನ ಏನೇ ಇದ್ದರೂ ಬಾಯಿಬಿಟ್ಟು ಹೇಳಬೇಕು, ಕೈ ಎತ್ತುವಂತಿಲ್ಲ. ಕೈ ಯಾಕೆ ಎತ್ತಬಾರದು ಅಂತ ಕೇಳಿದ್ದಕ್ಕೆ "ಹೊರಗೆ ಜೀವಮಾನವೆಲ್ಲ ಕೈಸನ್ನೆ ಮಾಡ್ಕೊಂಡೇ ಬದುಕಿದ್ದೀವಿ. ಇಲ್ಲೂ ಅದೇ ಆದ್ರೆ ಸಂಘ ಯಾಕೆ ಬೇಕು?" ಅಂದರು. ಮನೆಯವರು ಬರಬಹುದು, ಹಿಂದಿನ ಬೆಂಚಿನಲ್ಲಿ ಕೂರಬೇಕು, ಬಾಯಿ ತೆರೆಯಬಾರದು. ಈ ಕೊನೆಯದನ್ನು ನನ್ನೊಬ್ಬಳಿಗಾಗಿಯೇ ಸೇರಿಸಿದರು ಅನ್ನುವ ಗುಮಾನಿ ನನಗಿದೆ. ಎದುರಿಗಿರುವವರು ಒಂದು ಅಕ್ಷರಕ್ಕೆ ಒದ್ದಾಡುತ್ತಿರುವಾಗ, ಆ ಮಾತು ನಾಲಗೆಯ ತುದಿಯಲ್ಲಿದ್ದೂ ಸುಮ್ಮನೆ ಕೂರುವುದಿದೆಯಲ್ಲ, ಹೆರಿಗೆ ನೋವು ಅದಕ್ಕಿಂತ ವಾಸಿ.

ಕೋಣೆಗೆ ಬರುವವರು ಕಡಿಮೆ. ಬರಲಾರದವರು ಹೆಚ್ಚು. ಅವರಿಗಾಗಿ ಸಂಘದವರು ಒಂದು ಮೇಲ್ ಗ್ರೂಪ್ ಮಾಡಿದರು. ಒಬ್ಬರು ಬರೆದ ಇಮೇಲ್ ಗುಂಪಿನಲ್ಲಿರುವ ಎಲ್ಲರಿಗೂ ಹೋಗುತ್ತದೆ, ಎಲ್ಲರೂ ಉತ್ತರ ಬರೆಯಬಹುದು. ಬರೆದದ್ದೆಲ್ಲ ಒಂದು ಕಡೆ ಕೂಡಿಬೀಳುತ್ತದೆ. ಸದಸ್ಯರು ಮಾತ್ರ ಯಾವಾಗ ಬೇಕಾದರೂ ಹೋಗಿ ಹಳೆಯದನ್ನು ಓದಬಹುದು. ಆ ಜಾಗಕ್ಕೆ ಅತ್ತಿಗೆ ಇಟ್ಟ ಹೆಸರು ಕಣಜ. ಕಣಜದ ಕಾವಲು ಮೊದಲ ದಿನದಿಂದಲೂ ಅವರದೇ.

ಮಾತಾಡಲು ಆಗದವರಿಗೆ ಬರೆಯಲು ಸಿಕ್ಕಿದರೆ ಏನಾಗುತ್ತದೆ ಅನ್ನುವುದನ್ನು ಊಹಿಸಿ. ಕಟ್ಟೆ ಒಡೆದು ಹೋಯಿತು. ಬೇರೆ ಬೇರೆ ಊರುಗಳಿಂದ ಜನ ಸೇರಿಕೊಂಡರು. ಸೇರುವ ಕ್ರಮ ಮಾತ್ರ ವಿಚಿತ್ರ. ಅರ್ಜಿ ಇಲ್ಲ. ಅತ್ತಿಗೆಗೆ ಫೋನ್ ಮಾಡಿ ತಮ್ಮ ಹೆಸರು ಹೇಳಬೇಕು, ಅಷ್ಟೇ. ಆದರೆ ಉಗ್ಗುವವರಿಗೆ ಲೋಕದಲ್ಲಿ ಎಲ್ಲಕ್ಕಿಂತ ಕಷ್ಟದ ಪದ ಯಾವುದು ಗೊತ್ತೆ? ತಮ್ಮದೇ ಹೆಸರು. ಬೇರೆ ಪದ ಬಾರದಿದ್ದರೆ ಅದರ ಬದಲು ಇನ್ನೊಂದನ್ನು ತಂದು ಕೂರಿಸಬಹುದು. ಹೆಸರಿಗೆ ಬದಲಿ ಎಲ್ಲಿಂದ ತರುವುದು? ಆಚೆ ಕಡೆಯವರು ಉಸಿರು ಕಟ್ಟಿ ಒದ್ದಾಡುವಾಗ ಅತ್ತಿಗೆ ಸಾಣೆಕಲ್ಲು ನಿಲ್ಲಿಸಿ ಕಿವಿಗೆ ಫೋನ್ ಹಿಡಿದು ಕಾಯುತ್ತಿದ್ದರು. ಹ್ಞೂಂ ಅನ್ನುತ್ತಲೂ ಇರಲಿಲ್ಲ. ಹೆಸರು ಪೂರ್ತಿ ಬಂದ ಮೇಲೆ, "ನೀವು ಇಲ್ಲಿ ಬರೆದದ್ದು ನಮ್ಮೊಳಗೇ ಇರುತ್ತೆ. ನಾನು ಮಾತು ಕೊಡ್ತೀನಿ" ಅನ್ನುತ್ತಿದ್ದರು. ಅದನ್ನು ಹೇಳಲು ಅವರಿಗೂ ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ನಾವು ಬಾಯಿಬಡುಕರು ದಿನಕ್ಕೆ ಹತ್ತು ಮಾತು ಕೊಟ್ಟು ಹನ್ನೊಂದು ಮರೆಯುತ್ತೇವೆ. ಅಷ್ಟು ಕಷ್ಟಪಟ್ಟು ಕೊಟ್ಟ ಮಾತನ್ನು ಮರೆಯುವುದು ಸುಲಭವಲ್ಲ.

ಈ ಕ್ರಮದಿಂದ ಒಮ್ಮೆ ಒಬ್ಬ ಕಳ್ಳನೂ ಸಿಕ್ಕಿಬಿದ್ದ. ಉಗ್ಗಿಗೆ ಮದ್ದು ಅಂತ ಎಣ್ಣೆ ಮಾರುವವನು. ಸದಸ್ಯರ ವಿಳಾಸ ಹೊಡೆಯುವ ಆಸೆಗೆ ಉಗ್ಗುವವನ ಹಾಗೆ ನಟಿಸಿ ಫೋನ್ ಮಾಡಿದ. ಎಲ್ಲ ಮಾತಿಗೂ ಚೆನ್ನಾಗಿಯೇ ಉಗ್ಗಿದ, ಹೆಸರನ್ನು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿ ಹೇಳಿದ. ಅತ್ತಿಗೆ ನಗುತ್ತ ಫೋನ್ ಇಟ್ಟರು.

ದಿನಾ ಮಧ್ಯಾಹ್ನ ಅತ್ತಿಗೆಯ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಫೋನು. ಬಂದ ಮೇಲ್‌ಗಳನ್ನು ಒಂದೊಂದಾಗಿ ಓದಿ ಒಳಗೆ ಬಿಡುವುದು. ಯಾರೋ ಮರೆತು ಫೋನ್ ನಂಬರೋ ಮಗುವಿನ ಶಾಲೆಯ ಹೆಸರೋ ಹಾಕಿದ್ದರೆ ಅವರನ್ನು ಕೇಳಿ ಅದನ್ನು ಅಳಿಸುವುದು. ವಾಪಸ್ ಬಂದ ಮೇಲ್ ಯಾರದು, ವಿಳಾಸ ಬದಲಾಯಿತೇ, ಮನುಷ್ಯರೇ ಹೋದರೇ ಅಂತ ವಿಚಾರಿಸುವುದು. ತೀರಿಕೊಂಡವರ ಪತ್ರಗಳನ್ನು ಏನು ಮಾಡಬೇಕು ಅಂತ ಅವರ ಮನೆಯವರನ್ನು ಕೇಳುವ ಹಾಗೂ ಇಲ್ಲ. ಅಂಥ ಪತ್ರಗಳಿವೆ ಅಂತ ಮನೆಯವರಿಗೆ ಗೊತ್ತಿರಬೇಕಲ್ಲ! ಒಮ್ಮೆ ಒಬ್ಬರು ರಜೆ ಹಾಕಿ ಹೋಗುವಾಗ 'ನಾನು ಊರಿನಲ್ಲಿಲ್ಲ' ಅಂತ ತಾನೇ ಉತ್ತರ ಕೊಡುವ ವ್ಯವಸ್ಥೆ ಮಾಡಿ ಹೋದರು. ಇನ್ನೊಬ್ಬರೂ ಅದನ್ನೇ ಮಾಡಿದ್ದರು. ಆ ಇಬ್ಬರ ಇಮೇಲ್‌ಗಳು ಒಂದಕ್ಕೊಂದು 'ನಾನಿಲ್ಲ', 'ನಾನೂ ಇಲ್ಲ' ಅಂತ ವಾರವಿಡೀ ಕಿತ್ತಾಡಿ ಎಲ್ಲರ ಇನ್‌ಬಾಕ್ಸ್ ತುಂಬಿಸಿದವು. ಅಲ್ಲಿಂದಲೇ ಪ್ರತಿ ಮೇಲನ್ನೂ ಕೈಯಾರೆ ಒಳಗೆ ಬಿಡುವ ಪದ್ಧತಿ ಬಂದದ್ದು.

ಕಣಜದಲ್ಲಿ ಎಲ್ಲರಿಗೂ ಅಡ್ಡಹೆಸರು. ಒಬ್ಬರು 'ಮುಂದಿನ ಸ್ಟಾಪು'. ತಾವು ಇಳಿಯುವ ಸ್ಟಾಪಿನ ಹೆಸರು ಕಂಡಕ್ಟರಿಗೆ ಹೇಳಲು ಬಾರದೆ, ಯಾವಾಗಲೂ ಅದರ ಮುಂದಿನದಕ್ಕೆ ಟಿಕೆಟ್ ತೆಗೆದುಕೊಂಡು ಅಷ್ಟು ದೂರ ವಾಪಸ್ ನಡೆದು ಬರುತ್ತಿದ್ದವರು. ಇದನ್ನು ಅವರೇ ನಮ್ಮ ಮನೆಗೆ ಬಂದಾಗ ನಗುತ್ತ ಹೇಳಿದ್ದು. ಕಣಜದಲ್ಲಿ ಯಾರು ಏನು ಬರೆದಿದ್ದಾರೆ ಅನ್ನುವುದರಲ್ಲಿ ಒಂದು ಅಕ್ಷರವನ್ನೂ ಅತ್ತಿಗೆ ನನಗೆ ಹೇಳಿಲ್ಲ. ನಾನು ಕೇಳದೆ ಬಿಟ್ಟಿದ್ದೇನೆಯೇ? ತಲೆಕೆಳಗಾಗಿ ನಿಂತರೂ ಬಾಯಿ ಬಿಡುವ ಹೆಂಗಸಲ್ಲ ಅದು.

ಇನ್ನು ಅಧ್ಯಕ್ಷರ ವಿಷಯ. ಅವರದು ಟೈಲ್ಸ್ ಶೋರೂಮು. ಒಂದು ಕಾಲದಲ್ಲಿ ಜೋರಾಗಿ ಉಗ್ಗುತ್ತಿದ್ದರಂತೆ. ಈಗ ನೀರು ಹರಿದ ಹಾಗೆ ಮಾತು. ಸಂಘಕ್ಕೆ ಅವರೆಂದರೆ ಹೆಮ್ಮೆ. ನೋಡಿ, ಒಬ್ಬರು ಗೆದ್ದು ಬಂದಿದ್ದಾರೆ ಅಂತ ಹೊಸಬರಿಗೆ ತೋರಿಸುತ್ತಿದ್ದರು. ಕೆಟ್ಟವರಲ್ಲ. ಕುರ್ಚಿ ತರಿಸಿದವರು, ಫ್ಯಾನ್ ಹಾಕಿಸಿದವರು. ಆದರೆ ಅವರ ಮಾತಿನಲ್ಲಿ ಏನೋ ಒಂದು ಇತ್ತು. ಒಂದು ಲೋಟ ನೀರು ಕೇಳುವುದಕ್ಕೂ 'ಕುಡಿಯುವ ನೀರಿನ ಅಗತ್ಯ ಕಾಣುತ್ತಿದೆ' ಅನ್ನುವ ಧಾಟಿ. ದೊಡ್ಡ ಮನುಷ್ಯರು, ಹಾಗೇ ಇರಬೇಕು ಅಂದುಕೊಂಡಿದ್ದೆ.

ಒಂದು ಸಂಜೆ ಅವರು ನಮ್ಮ ಮನೆಗೇ ಬಂದರು. ಉಗ್ಗು ಹೋಗಲಾಡಿಸುವ ಆ್ಯಪ್ ಮಾಡುವ ಕಂಪನಿಯೊಂದು ಅವರನ್ನು ಹಿಡಿದಿತ್ತು. ಸಂಘಕ್ಕೆ ಸ್ವಂತ ಸಭಾಂಗಣ ಕೊಡುತ್ತಾರಂತೆ. ಬದಲಿಗೆ ಕಣಜವನ್ನು ಎಲ್ಲರೂ ಓದುವ ಹಾಗೆ ಅವರ ಜಾಲತಾಣದಲ್ಲಿ ತೆರೆದಿಡಬೇಕು. "ಸಾವಿರಾರು ಜನಕ್ಕೆ ದಾರಿದೀಪ ಆಗುತ್ತೆ, ಯೋಚಿಸಿ" ಅಂದರು. "ಹೇಗೂ ಅಡ್ಡಹೆಸರು ಇವೆಯಲ್ಲ, ಯಾರದು ಅಂತ ಯಾರಿಗೆ ಗೊತ್ತಾಗುತ್ತೆ?"

ಅತ್ತಿಗೆ ಕುರ್ಚಿ ಎಳೆದುಕೊಂಡು ಅವರೆದುರು ಕೂತರು. ಆಮೇಲೆ ಹೇಳಿದರು. ಅಲ್ಲಲ್ಲಿ ನಿಂತು, ಒಂದೊಂದು ಅಕ್ಷರವನ್ನು ಎಳೆದು, ಹೇಳಿದ್ದು ಇಷ್ಟು: "ಬೇರೆಯವರದ್ದು ಹೇಳಲ್ಲ, ನಂದೇ ಹೇಳ್ತೀನಿ. ನನ್ನ ಮಗಳಿಗೆ ನಾನು ಇಡ್ಬೇಕು ಅಂತಿದ್ದ ಹೆಸರು ಬೇರೆ. ಅದು ನನ್ನ ಬಾಯಿಗೆ ಬರ್ತಿರ್ಲಿಲ್ಲ. ಬಾಯಿಗೆ ಬರೋ ಹೆಸರು ಇಟ್ಟೆ. ಅದನ್ನ ಅಲ್ಲಿ ಬರ್ದಿದ್ದೀನಿ. ಅಡ್ಡಹೆಸರು ಹಾಕಿದ್ರೂ ನನ್ನ ಮಗಳು ಓದಿದ್ರೆ ಅವಳಿಗೆ ಗೊತ್ತಾಗಲ್ವಾ?"

ಅಣ್ಣನ ಕೈಯಲ್ಲಿದ್ದ ಲೋಟ ಬಾಯಿಯವರೆಗೂ ಹೋಗದೆ ನಿಂತಿತು. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಅದು ಅವತ್ತೇ ಗೊತ್ತಾದದ್ದು.  ಮಗು ಹುಟ್ಟಿದಾಗ ಹೆಸರುಗಳ ಪಟ್ಟಿ ಓದಿ ಒಂದನ್ನು ಆರಿಸಿಕೊಟ್ಟವಳು ನಾನು. ಅತ್ತಿಗೆ ಹೂಂ ಅಂದದ್ದನ್ನು ಒಪ್ಪಿಗೆ ಅಂದುಕೊಂಡಿದ್ದೆ.

ಅಧ್ಯಕ್ಷರೂ ಒಂದು ಕ್ಷಣ ಮೆತ್ತಗಾದರು. ಆದರೆ ಸಭಾಂಗಣ ಕಣ್ಣಿಗೆ ಕಟ್ಟಿತ್ತಲ್ಲ. "ನಿಮ್ಮದನ್ನ ತೆಗೆದುಬಿಡೋಣ. ಉಳಿದವರಿಗೆ ನೋಟಿಸ್ ಕೊಡ್ತೀನಿ. ಎರಡು ವಾರದಲ್ಲಿ ಆಕ್ಷೇಪ ಬರದಿದ್ರೆ ಒಪ್ಪಿಗೆ ಅಂತಲೇ ಅರ್ಥ. ಮೌನಂ ಸಮ್ಮತಿ ಲಕ್ಷಣಂ" ಅಂದರು.

"ನಮ್ಮಲ್ಲಿ ಅಲ್ಲ" ಅಂದರು ಅತ್ತಿಗೆ.

ನೋಟಿಸು ಬಂತು. ಅದನ್ನು ಗುಂಪಿಗೆ ಬಿಡಬೇಕಾದವರು ಅತ್ತಿಗೆಯೇ. ಬಿಟ್ಟರು. "ತಡೆದು ಹಿಡೀರಿ, ಯಾರಿಗೆ ಗೊತ್ತಾಗುತ್ತೆ?" ಅಂತ ನಾನು ಹೇಳಿದ್ದಕ್ಕೆ ಕಿವಿಗೊಡಲಿಲ್ಲ.  ಎರಡು ವಾರ ಕಳೆಯಿತು. ಇನ್ನೂರು ಚಿಲ್ಲರೆ ಸದಸ್ಯರಲ್ಲಿ ಆಕ್ಷೇಪ ಬರೆದವರು ಬೆರಳೆಣಿಕೆಯಷ್ಟು. ಗುಂಪೇ ಸ್ತಬ್ಧ. ಹೊಸ ಪತ್ರಗಳೂ ನಿಂತವು. ಕಣಜದ ಬಾಗಿಲು ತೆಗೆಯುತ್ತಾರೆ ಅಂತ ಗೊತ್ತಾದ ಮೇಲೆ ಅದರೊಳಗೆ ಕಾಳು ಸುರಿಯುವವರು ಯಾರು? ಅಧ್ಯಕ್ಷರ ಮಾತು ಖಂಡತುಂಡವಾಗಿತ್ತು. ಭಾನುವಾರ ಮಹಾಸಭೆ; ಅಲ್ಲಿ ನಿರ್ಣಯ; ಅಲ್ಲೇ ಅತ್ತಿಗೆ ಪಾಸ್‌ವರ್ಡ್ ಒಪ್ಪಿಸಬೇಕು.

ನನಗೆ ಮೈ ಉರಿಯಿತು. "ಎಲ್ಲರ ನಂಬರೂ ನಿಮ್ಮ ಹತ್ರ ಇದೆಯಲ್ಲ ಅತ್ತಿಗೆ. ಒಬ್ಬೊಬ್ಬರಿಗೂ ಫೋನ್ ಹಚ್ಚಿ. ನಿಮಗೆ ಕಷ್ಟ ಆದ್ರೆ ನನಗೆ ಕೊಡಿ, ಒಂದೇ ದಿನದಲ್ಲಿ ಇನ್ನೂರು ಓಟು ತಂದುಕೊಡ್ತೀನಿ."

"ಅವರು ನಂಬರ್ ಕೊಟ್ಟಿದ್ದು ಸೇರೋದಕ್ಕೆ" ಅಂದರು. "ನನ್ನ ಪರ ಓಟು ಹಾಕೋದಕ್ಕಲ್ಲ."

"ಅಲ್ಲಾ, ಕಣಜವೇ ಹೋಗ್ತಿದೆ, ನೀವು ಬೀಗದ ಮರ್ಯಾದೆ ಕಾಯ್ತಾ ಕೂತಿದ್ದೀರಲ್ಲ!"

"ಅವರಿಗೆ ಕೊಟ್ಟ ಮಾತು ಉಳಿಸೋಕೆ ಅವರಿಗೆ ಕೊಟ್ಟ ಮಾತೇ ಮುರೀಬೇಕಾ?"

  ಒಬ್ಬ ಸದಸ್ಯೆಯಾಗಿ ಅತ್ತಿಗೆ ಗುಂಪಿಗೆ ಒಂದೇ ಒಂದು ಮೇಲ್ ಹಾಕಿದರು. ಅದನ್ನು ಮಾತ್ರ, ಅವರದೇ ಆದ್ದರಿಂದ, ನನಗೆ ತೋರಿಸಿದರು. 'ನೀವು ಬರೆದದ್ದು ನಮ್ಮೊಳಗೇ ಇರುತ್ತದೆ ಅಂತ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದೇನೆ. ಅದನ್ನು ನಾನಾಗಿ ಮುರಿಯುವುದಿಲ್ಲ. ಮುರಿಯಬೇಕಾದರೆ ಸಭೆಗೆ ಬಂದು ನನ್ನೆದುರು ನೀವೇ ಹೇಳಿ.' ಅದಕ್ಕೂ ಒಂದೇ ಒಂದು ಉತ್ತರ ಬರಲಿಲ್ಲ. ಅತ್ತಿಗೆ ಆ ವಾರ ಎರಡು ಲೆನ್ಸ್ ಒಡೆದರು. ಹಿಂದೆಂದೂ ಒಡೆದವರಲ್ಲ.

ಭಾನುವಾರ ಮಹಡಿ ಹತ್ತಿ ನೋಡಿದರೆ ನನಗೆ ದಿಗಿಲಾಯಿತು. ಕೋಣೆ ತುಂಬಿ ಜನ ಮೆಟ್ಟಿಲ ಮೇಲೆಲ್ಲ ನಿಂತಿದ್ದಾರೆ. ಬ್ಯಾಗು ಹಿಡಿದುಕೊಂಡವರು, ಬಸ್ಸಿನಿಂದ ಈಗ ಇಳಿದು ಬಂದು ಮುಖ ತೊಳೆದುಕೊಂಡವರು, ಒಬ್ಬರನ್ನೊಬ್ಬರು ಕಂಡೇ ಇಲ್ಲದವರು. ಅಷ್ಟು ಜನ ಇದ್ದೂ ಗದ್ದಲ ಇಲ್ಲ. ಇವರಲ್ಲಿ ಯಾರು ಯಾವ ಕಡೆ ಅಂತ ಹೇಳಲು ದೇವರಿಗೂ ಸಾಧ್ಯವಿರಲಿಲ್ಲ. ಅತ್ತಿಗೆ ಕಿಟಕಿಯ ಪಕ್ಕ ಕೂತಿದ್ದರು, ಮುಖ ಬಿಳುಚಿಕೊಂಡಿತ್ತು. ನಾನೂ ಅಣ್ಣನೂ ಹಿಂದಿನ ಬೆಂಚಿನಲ್ಲಿ, ಬಾಯಿಗೆ ಬೀಗ.

ಅಧ್ಯಕ್ಷರು ಚೆನ್ನಾಗಿ ಮಾತಾಡಿದರು, ಅದನ್ನು ಒಪ್ಪಬೇಕು. ಕತ್ತಲಲ್ಲಿ ಒಬ್ಬಂಟಿಯಾಗಿ ಒದ್ದಾಡುವ ಮಕ್ಕಳು ಈ ಪತ್ರಗಳನ್ನು ಓದಿದರೆ ಎಷ್ಟು ಧೈರ್ಯ ಬರುತ್ತದೆ ಅಂದಾಗ ನನಗೇ ಹೌದಲ್ಲವೇ ಅನ್ನಿಸಿತು. ಕೊನೆಗೆ ಮೇಜಿನ ಮೇಲೆ ಕೈಯೂರಿ, "ಈ ನಿರ್ಣಯಕ್ಕೆ ವಿರೋಧ ಇರೋರು ಹೇಳಿ" ಅಂದರು. ಸಭೆಯತ್ತ ಒಮ್ಮೆ ಕಣ್ಣಾಡಿಸಿದರು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. "ಯಾರೂ ಇಲ್ಲ. ನಿರ್ಣಯ ಅಂಗೀಕಾರ ಆಗಿದೆ" ಅಂತ ಮೇಜು ತಟ್ಟಿದರು.

ಆ ಮನುಷ್ಯ ಬೇಕಂತ ಮಾಡಿದ್ದಲ್ಲ. ಸಲೀಸಾಗಿ ಮಾತಾಡುತ್ತ ಆಡುತ್ತ, ಒಂದು ಮಾತು ಹೊರಗೆ ಬರಲು ಎಷ್ಟು ಹೊತ್ತು ಬೇಕು ಅನ್ನುವುದನ್ನೇ ಮರೆತಿದ್ದರು. ಆ ಒಂದು ಉಸಿರಿನಲ್ಲಿ ಮೂರನೇ ಸಾಲಿನ 'ಮುಂದಿನ ಸ್ಟಾಪು' ಎದ್ದು ನಿಂತಾಗಿತ್ತು. ತುಟಿ ಸೇರಿಸಿ, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿಕೊಂಡು ಮೊದಲ ಅಕ್ಷರದ ಮೇಲೆ ನಿಂತಿದ್ದರು. ಸದ್ದೇ ಬಂದಿರಲಿಲ್ಲ. ಅಧ್ಯಕ್ಷರು ಮುಂದಿನ ವಿಷಯಕ್ಕೆ ಕಾಗದ ತಿರುವಿದರು. ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಇಲ್ಲದಿದ್ದರೆ ಕಿರುಚಿಯೇಬಿಡುತ್ತಿದ್ದೆ.

ಅತ್ತಿಗೆ ಎದ್ದು ನಿಂತರು. ಮಾತು ಬರಲು ಅವರಿಗೂ ಹೊತ್ತು ಹಿಡಿಯಿತು. ಆದರೆ ಎದ್ದು ನಿಂತದ್ದೇ ಸಾಕಾಯಿತು, ಎಲ್ಲರೂ ಅವರತ್ತ ತಿರುಗಿದರು.

"ಅವರು ಮಾತಾಡ್ತಾ ಇದಾರೆ" ಅಂದರು.

ಅಷ್ಟೇ. ಸಂಘ ಕಟ್ಟಿದ ದಿನದ ನಿಯಮ. ಒಬ್ಬರು ಮಾತಾಡುತ್ತಿರುವಾಗ ಅಧ್ಯಕ್ಷರಾದರೂ ಸರಿ, ಬಾಯಿ ಮುಚ್ಚಬೇಕು. ಅಧ್ಯಕ್ಷರ ಕೈ ಕಾಗದದ ಮೇಲೇ ನಿಂತಿತು. ಇಡೀ ಕೋಣೆ ಕಾಯಿತು. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. 'ಮುಂದಿನ ಸ್ಟಾಪಿ'ನ ತುಟಿಯಿಂದ 'ಬೇ' ಅನ್ನುವಷ್ಟು ಬಂತು, ಮತ್ತೆ ಕಟ್ಟಿತು. ಬೇಕೋ ಬೇಡವೋ? ನನ್ನ ಜೀವ ಬಾಯಿಗೆ ಬಂತು.

"ಬೇ... ಬೇಡ!" ಅಂದರು. ಅಂದು ಕೂರಲಿಲ್ಲ. ಇನ್ನೊಮ್ಮೆ, ಅಷ್ಟೇ ಕಷ್ಟಪಟ್ಟು, "ಬೇಡ" ಅಂದು ಕೂತರು.

ಆಮೇಲೆ ನೋಡಬೇಕಿತ್ತು. ಅವರ ಪಕ್ಕದವರು ಎದ್ದರು. ಅವರ ಹಿಂದಿನವರು ಎದ್ದರು. ಮೆಟ್ಟಿಲ ಮೇಲಿದ್ದವರು ಒಳಗೆ ನುಗ್ಗಿ ಬಂದು ಸಾಲು ನಿಂತರು. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ತುಟಿ ಎರಡು ಮಾಡಲಿಲ್ಲ. ಒಬ್ಬರಿಗೆ ಸದ್ದು ಸಿಕ್ಕಿಕೊಳ್ಳುತ್ತಿತ್ತು, ಒಬ್ಬರಿಗೆ ಅದೇ ಅಕ್ಷರ ಹತ್ತು ಸಲ ಬರುತ್ತಿತ್ತು, ಒಬ್ಬರು ನೆಲಕ್ಕೆ ಕಾಲು ಕುಟ್ಟಿ ಕುಟ್ಟಿ ಹೊರಗೆ ತಂದರು. ಬೇಡ. ಬೇಡ. ಬೇಡ. ಎರಡು ವಾರ ಒಂದು ಸಾಲೂ ಬರೆಯದೆ ಸುಮ್ಮನಿದ್ದವರು ಇವರೇ! ಬರೆದು ಮುಗಿಸುವ ವಿಷಯ ಇದಲ್ಲ, ಅತ್ತಿಗೆಯ ಎದುರಿಗೆ ನಿಂತು ಹೇಳಬೇಕು ಅಂತ ಊರೂರುಗಳಿಂದ ಹೊರಟು ಬಂದಿದ್ದರು. ಹುಡುಗಿಯೊಬ್ಬಳು 'ಬೇ' ಅಂತ ನಿಂತಾಗ ನಾನು ಮನಸ್ಸಿನಲ್ಲೇ 'ಡ' ಸೇರಿಸಿಬಿಟ್ಟೆ. ಅವಳು "ಬೇಕು" ಅಂದಳು. "ನಂದು ಎಲ್ಲರೂ ಓದ್ಲಿ. ನಂಗೆ ನಾಚಿಕೆ ಇಲ್ಲ" ಅಂದಳು. ಸಭೆ ಅವಳಿಗೂ ಅಷ್ಟೇ ಮರ್ಯಾದೆಯಿಂದ ಕಿವಿಗೊಟ್ಟಿತು. ಇನ್ನೊಬ್ಬರ ಮಾತನ್ನು ಮುಗಿಸಿಕೊಡಬಾರದು ಅನ್ನುವುದು ಯಾಕೆ ಅಂತ ಇಷ್ಟು ವರ್ಷಕ್ಕೆ ನನ್ನ ಮಂಡೆಗೆ ಹೋಯಿತು.

ಬೇರೆ ಸಭೆಯಾಗಿದ್ದರೆ ಚಿಟಿಕೆ ಹೊಡೆಯುವುದರಲ್ಲಿ ಮುಗಿಯುವ ಓಟು ಅದು. ಇಲ್ಲಿ ಬಿಸಿಲು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸರಿಯಿತು. ಒಬ್ಬರೂ ಎದ್ದು ಹೋಗಲಿಲ್ಲ. ಅಣ್ಣ ಕರವಸ್ತ್ರ ಮುಖಕ್ಕೆ ಹಿಡಿದಿದ್ದ. ಅತ್ತಿಗೆ ಕಿಟಕಿಯ ಪಕ್ಕ ನಿಂತೇ ಇದ್ದರು, ಒಬ್ಬೊಬ್ಬರು ಮಾತು ಮುಗಿಸಿದಾಗಲೂ ತಲೆಯಾಡಿಸುತ್ತ. ಧ್ವನಿ ಕೇಳಿಯೇ ಅವರಿಗೆ ಎಲ್ಲರ ಗುರುತೂ ಸಿಗುತ್ತಿತ್ತು. ಅವರೆಲ್ಲರ ಹೆಸರು ಪೂರ್ತಿಯಾಗುವ ತನಕ ಕಾದವರಲ್ಲವೇ!

ಕೊನೆಗೆ ಉಳಿದವರು ಅಧ್ಯಕ್ಷರು. ಸೋಲು ಕಣ್ಣೆದುರಿಗೇ ಇತ್ತು. ಆದರೂ ಅವರು ತಮ್ಮ ಓಟು ಹಾಕಲು ಎದ್ದರು. ಬಾಯಿ ತೆರೆದರು, ಮಾತು ಬರಲಿಲ್ಲ. ನೀರು ಹರಿದ ಹಾಗೆ ಮಾತಾಡುವ ಮನುಷ್ಯ 'ಬ್' ಮೇಲೆ ಸಿಕ್ಕಿಹಾಕಿಕೊಂಡು ನಿಂತರು. ಮುಖ ಕೆಂಪಾಯಿತು, ಗದ್ದ ನಡುಗಿತು. ಸಭೆ ಬೆಪ್ಪಾಗಿ ನೋಡಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ಯಾರೋ ಗೆದ್ದ ಉಮೇದಿನಲ್ಲಿ, "ಬೇಕು ಅಂತ ತಾನೇ? ಗೊತ್ತಾಯ್ತು ಬಿಡಿ" ಅಂದುಬಿಟ್ಟರು.

"ಅವರು ಮಾತಾಡ್ತಾ ಇದಾರೆ!"

ಅತ್ತಿಗೆಯ ದನಿಗೆ ನಾನೇ ಬೆಚ್ಚಿದೆ. ಅಷ್ಟು ಸಿಟ್ಟು ಅವರಲ್ಲಿ ಕಂಡಿರಲಿಲ್ಲ. ಕಿಸಕ್ಕೆಂದವರು ತಲೆ ತಗ್ಗಿಸಿದರು. ಮತ್ತೆ ಇಡೀ ಸಭೆ ಕಾಯಿತು, ಸೋತವರಿಗಾಗಿ, ಗೆದ್ದವರಿಗೆ ಕಾದಷ್ಟೇ ಹೊತ್ತು ಕಾಯಿತು. ಅಧ್ಯಕ್ಷರು ಎರಡು ಸಲ ಉಸಿರು ಬಿಟ್ಟು ಮತ್ತೆ ಹಿಡಿದರು. ಆಮೇಲೆ "ಬೇಕು" ಅಂದರು. ಸಣ್ಣ ದನಿಯಲ್ಲಿ, ಪೂರ್ತಿಯಾಗಿ.

"ಬಂತು" ಅಂದರು ಅತ್ತಿಗೆ. "ಲೆಕ್ಕಕ್ಕೆ ಸೇರ್ತು."

ಕಣಜದ ಬೀಗ ಉಳಿಯಿತು. ತಮ್ಮ ಪತ್ರ ತೆರೆದಿಡಬೇಕು ಅನ್ನುವವರು ತಾವೇ ಬಾಯಿಬಿಟ್ಟು ಹೇಳಲಿ, ಅವರದಷ್ಟನ್ನು ತೆರೆಯೋಣ ಅಂತ ತೀರ್ಮಾನವಾಯಿತು. ಪಾಸ್‌ವರ್ಡಿನ ಮಾತನ್ನು ಯಾರೂ ಎತ್ತಲಿಲ್ಲ. ಜನ ಅತ್ತಿಗೆಯನ್ನು ಮುತ್ತಿಕೊಂಡರು. ಕೈ ಹಿಡಿದುಕೊಂಡರು, ಅತ್ತರು, ನಕ್ಕರು. ಅಧ್ಯಕ್ಷರು ಕಾದು ನಿಂತು ಕೊನೆಗೆ ಬಂದರು. "ಎಷ್ಟೋ ವರ್ಷ ಆಗಿತ್ತು ಆ ಪದ ಹೇಳಿ" ಅಂದರು. "ಅಗತ್ಯ, ಅವಶ್ಯಕ, ಅಪೇಕ್ಷೆ ಅಂತ ಏನೇನೋ ಹೇಳಿ ದಾಟಿಸ್ಕೊಂಡು ಬಂದಿದ್ದೆ. ಎಲ್ಲರೂ ವಾಸಿಯಾಯ್ತು ಅಂದ್ಕೊಂಡ್ರು. ನಾನೂ ಅಂದ್ಕೊಂಡಿದ್ದೆ." ಇಷ್ಟು ಹೇಳುವಾಗಲೂ ಎರಡು ಕಡೆ ಉಗ್ಗಿದರು. ಮುಚ್ಚಿಕೊಳ್ಳಲಿಲ್ಲ. ಅತ್ತಿಗೆ ಅವರಿಗೊಂದು ಕುರ್ಚಿ ಎಳೆದು ಕೊಟ್ಟರು, ಇಬ್ಬರೂ ಪಕ್ಕಪಕ್ಕ ಕೂತರು.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಮಾತಾಡಿದೆ. ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡು ಕೂತಿದ್ದೆನಲ್ಲ, ಅಳುತ್ತಲೂ ಮಾತಾಡಿದೆ, ನಗುತ್ತಲೂ ಮಾತಾಡಿದೆ. ಅಣ್ಣ ಗಾಡಿಯನ್ನು ಎರಡು ಸಲ ತಪ್ಪು ರಸ್ತೆಗೆ ತಿರುಗಿಸಿದ. ಊರಿಗೆಲ್ಲ ಗಾಡಿ ಕಲಿಸುವವನು!

ಮರುದಿನ ಮಧ್ಯಾಹ್ನ ನನ್ನ ಊಟ ಹಿಡಿದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಗೆ ಹೋದೆ. ಅತ್ತಿಗೆ ಡಬ್ಬಿಯನ್ನು ಬಿಚ್ಚಿರಲೂ ಇಲ್ಲ. ಮೇಲ್‌ಗಳು ರಾಶಿ ಬಿದ್ದಿದ್ದವು, ಒಂದೊಂದನ್ನೇ ಓದಿ ಒಳಗೆ ಬಿಡುತ್ತಿದ್ದರು. ಒಂದರ ಮುಂದೆ ಬಹಳ ಹೊತ್ತು ನಿಂತರು. ಕಣ್ಣು ತುಂಬಿಕೊಂಡವು.

"ಯಾರದು?" ಅಂದೆ.

"ಸೇರಿ ಹತ್ತು ವರ್ಷದ ಮೇಲಾಯ್ತು. ಇವತ್ತಿನ ತನಕ ಒಂದು ಸಾಲೂ ಬರೆದಿರ್ಲಿಲ್ಲ. ಬರೀ ಓದ್ತಿದ್ರು." ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡರು. "ಇದು ಮೊದಲನೇದು."

"ಏನಂತೆ ಅತ್ತಿಗೆ? ಏನು ಬರೆದಿದ್ದಾರೆ?"

ಅತ್ತಿಗೆ ಫೋನನ್ನು ಎದೆಗೊತ್ತಿಕೊಂಡು ನನ್ನನ್ನು ನೋಡಿ ನಕ್ಕರು. ಹೇಳಲಿಲ್ಲ.